ಬಿ.ಎಡ್. ಸೇರುವ ಮೊದಲು: ಯಾವ ವಿಷಯ, ಯಾವ ಕ್ಲಾಸು, ಯಾವ ಕೋರ್ಸು?

ರಿಸಲ್ಟ್ ಬರುವ ಹೊತ್ತಿಗೆ ಮೇಷ್ಟ್ರಾಗಬೇಕು ಅನ್ನುವ ಹುಡುಗ ಹುಡುಗಿಯರೆಲ್ಲ ಕೇಳುವುದು ಇದನ್ನೇ. ಪಿಯುಸಿ ಆದಮೇಲೆ ನೇರವಾಗಿ, ಡಿಗ್ರಿ ಮತ್ತು ಬಿ.ಎಡ್. ಎರಡೂ ಸೇರಿದ ನಾಲ್ಕು ವರ್ಷದ ಇಂಟಿಗ್ರೇಟೆಡ್ ಕೋರ್ಸ್ ಸೇರಲಾ, ಇಲ್ಲ ಮೂರು ವರ್ಷ ಡಿಗ್ರಿ ಮುಗಿಸಿ ಆಮೇಲೆ ಎರಡು ವರ್ಷ ಬಿ.ಎಡ್. ಮಾಡಲಾ? ಪ್ರಶ್ನೆ ಸರಿಯಾಗೇ ಇದೆ. ಆದರೆ ಅದು ಎರಡನೇ ಪ್ರಶ್ನೆ. ಮೊದಲು ಕೇಳಿಕೊಳ್ಳಬೇಕಾದ್ದು, ಯಾವ ಕ್ಲಾಸಿನ ಮಕ್ಕಳಿಗೆ ಯಾವ ವಿಷಯ ಹೇಳಿಕೊಡಬೇಕು ಅಂತ. ಅದು ಗೊತ್ತಿಲ್ಲದೆ ಕೋರ್ಸ್ ಆರಿಸಿದರೆ, ಐದು ವರ್ಷ ಓದಿ, ಒಂದು ದಿನ ನೇಮಕಾತಿ ಅಧಿಸೂಚನೆ ಬಂದಾಗ ಅರ್ಹತೆಯ ಪಟ್ಟಿಯಲ್ಲಿ ನಿಮ್ಮ ಡಿಗ್ರಿಯ ವಿಷಯಗಳೇ ಇಲ್ಲ ಅಂತ ಗೊತ್ತಾಗುತ್ತದೆ. ಆಗ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಅದಕ್ಕೇ ಕೊನೆಯಿಂದ ಶುರು ಮಾಡೋಣ.

ಮೊದಲು ಕ್ಲಾಸು

1ರಿಂದ 5ನೇ ಕ್ಲಾಸಿಗೆ ಕಲಿಸುವ ಆಸೆ ಇದ್ದರೆ ಬಿ.ಎಡ್. ಬೇಡ, ಡಿ.ಎಡ್. ಬೇಕು. ಈಗ ಅದರ ಹೆಸರು ಡಿ.ಎಲ್.ಎಡ್. 2018ರಲ್ಲಿ ಎನ್‌ಸಿಟಿಇ (ಶಿಕ್ಷಕರ ತರಬೇತಿಗೆ ನಿಯಮ ಮಾಡುವ ರಾಷ್ಟ್ರೀಯ ಮಂಡಳಿ) ಬಿ.ಎಡ್. ಆದವರಿಗೂ ಈ ಬಾಗಿಲು ತೆರೆದಿತ್ತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಮುಚ್ಚಿತು. ಈ ಸುದ್ದಿ ಇನ್ನೂ ಎಷ್ಟೋ ಮನೆಗಳಿಗೆ ತಲುಪಿಲ್ಲ. "ಬಿ.ಎಡ್. ಮಾಡ್ಕೊಂಡ್ರೆ ಪ್ರೈಮರಿಗೂ ಆಗುತ್ತೆ, ಹೈಸ್ಕೂಲಿಗೂ ಆಗುತ್ತೆ" ಅಂತ ಹೇಳುವ ಮಾವಂದಿರು ಇನ್ನೂ ಇದ್ದಾರೆ. ಅವರ ಮಾತು ಕೇಳಬೇಡಿ.

6ರಿಂದ 8ಕ್ಕೆ ಡಿಗ್ರಿ ಬೇಕು, ಅದರ ಜೊತೆ ಡಿ.ಎಡ್. ಅಥವಾ ಬಿ.ಎಡ್. ಬೇಕು, ಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಎರಡನೇ ಪತ್ರಿಕೆ ಪಾಸಾಗಿರಬೇಕು. ನಮ್ಮಲ್ಲಿ ಈ ಹುದ್ದೆಯನ್ನೇ ಜಿಪಿಟಿ (ಪದವೀಧರ ಪ್ರಾಥಮಿಕ ಶಿಕ್ಷಕ) ಅನ್ನುತ್ತಾರೆ. 2022ರಲ್ಲಿ ಒಂದೇ ಸಲಕ್ಕೆ 15,000 ಹುದ್ದೆಗೆ ಅರ್ಜಿ ಕರೆದರಲ್ಲ, ಅದೇ. ಹೈಸ್ಕೂಲಿಗೆ ಡಿಗ್ರಿ ಮತ್ತು ಬಿ.ಎಡ್., ಜೊತೆಗೆ ಸ್ಪರ್ಧಾತ್ಮಕ ಪರೀಕ್ಷೆ. ಪಿಯು ಕಾಲೇಜಿನ ಉಪನ್ಯಾಸಕರಾಗಲು ಆ ವಿಷಯದಲ್ಲೇ ಸ್ನಾತಕೋತ್ತರ ಪದವಿ ಇರಬೇಕು, ಬಿ.ಎಡ್. ಕೂಡ ಕೇಳುತ್ತಾರೆ. ಡಿಗ್ರಿ ಕಾಲೇಜಿಗೆ ಬಿ.ಎಡ್. ಯಾರಿಗೂ ಬೇಕಿಲ್ಲ, ಅಲ್ಲಿ ನಡೆಯುವುದು ನೆಟ್ ಅಥವಾ ಕೆಸೆಟ್ ಅನ್ನುವ ಅರ್ಹತಾ ಪರೀಕ್ಷೆ. ಡಿಗ್ರಿ ಕಾಲೇಜಿನ ಮೇಷ್ಟ್ರಾಗುವ ಆಸೆ ಇರುವವರು ಸುಮ್ನೆ ಎರಡು ವರ್ಷ ಬಿ.ಎಡ್.ಗೆ ಕೊಡಬೇಡಿ. ಹೈಸ್ಕೂಲ್ ಒಂದು ಕೈಯಲ್ಲಿರಲಿ ಅನ್ನುವುದಾದರೆ ಅದು ಬೇರೆ ಮಾತು.

ಆಮೇಲೆ ಕಾಂಬಿನೇಷನ್

ಜಾಸ್ತಿ ಜನ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಕರ್ನಾಟಕದ ಹೈಸ್ಕೂಲಿನಲ್ಲಿ "ವಿಜ್ಞಾನ ಶಿಕ್ಷಕರು" ಅನ್ನುವ ಒಂದೇ ಹುದ್ದೆ ಇಲ್ಲ. ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಪೋಸ್ಟ್ ಬೇರೆ, ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝುವಾಲಜಿ) ಪೋಸ್ಟ್ ಬೇರೆ. ಪಿಸಿಎಂನವರು ಗಣಿತ ಮತ್ತು ಭೌತವಿಜ್ಞಾನ ನೋಡಿಕೊಳ್ಳುತ್ತಾರೆ, ಸಿಬಿಝಡ್‌ನವರು ರಸಾಯನವಿಜ್ಞಾನ ಮತ್ತು ಜೀವವಿಜ್ಞಾನ. ಸಮಾಜ ವಿಜ್ಞಾನಕ್ಕೆ ಆರ್ಟ್ಸ್ ಪೋಸ್ಟ್. ಕನ್ನಡ, ಇಂಗ್ಲಿಷ್, ಹಿಂದಿಗೆ ಭಾಷಾ ಶಿಕ್ಷಕರು. ಈ ಒಂದೊಂದಕ್ಕೂ ಡಿಗ್ರಿಯಲ್ಲಿ ಏನೇನು ಓದಿರಬೇಕು ಅಂತ ನೇಮಕಾತಿ ನಿಯಮದಲ್ಲೇ ಬರೆದಿರುತ್ತಾರೆ. ಬಿ.ಎಡ್.ನಲ್ಲಿ ನೀವು ತೆಗೆದುಕೊಳ್ಳುವ ಎರಡು ಮೆಥಡ್‌ಗಳು (ಒಂದು ವಿಷಯವನ್ನು ಕಲಿಸುವ ಬಗೆಯ ಪೇಪರ್‌ಗಳು) ಡಿಗ್ರಿಯ ವಿಷಯಕ್ಕೆ ಹೊಂದಬೇಕು, ಎರಡೂ ಸೇರಿ ಹುದ್ದೆಯ ನಿಯಮಕ್ಕೆ ಹೊಂದಬೇಕು. ಇವು ಮೂರೂ ಒಂದೇ ಸಾಲಿಗೆ ಬಂದರಷ್ಟೇ ಅರ್ಜಿ ನಿಲ್ಲುತ್ತದೆ.

ಕೇಂದ್ರೀಯ ವಿದ್ಯಾಲಯದ ನಿಯಮ ಇನ್ನೂ ಬಿಡಿಸಿ ಹೇಳುತ್ತದೆ. ಅಲ್ಲಿ ಟಿಜಿಟಿ (ತರಬೇತಾದ ಪದವೀಧರ ಶಿಕ್ಷಕ) ಗಣಿತಕ್ಕೆ ಡಿಗ್ರಿಯಲ್ಲಿ ಗಣಿತದ ಜೊತೆ ಭೌತವಿಜ್ಞಾನ, ರಸಾಯನವಿಜ್ಞಾನ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್, ಸ್ಟಾಟಿಸ್ಟಿಕ್ಸ್ ಇಷ್ಟರಲ್ಲಿ ಎರಡನ್ನು ಓದಿರಬೇಕು. ವಿಜ್ಞಾನಕ್ಕೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನವಿಜ್ಞಾನ. ಸಮಾಜ ವಿಜ್ಞಾನಕ್ಕೆ ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರದಲ್ಲಿ ಎರಡು, ಅದರಲ್ಲಿ ಒಂದು ಇತಿಹಾಸ ಅಥವಾ ಭೂಗೋಳ ಆಗಿರಲೇಬೇಕು. ಅಂದರೆ ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರ ಮಾತ್ರ ಓದಿದ ಜಾಣರಿಗೆ ಅಲ್ಲಿ ಜಾಗ ಇಲ್ಲ, ಎಷ್ಟೇ ಮಾರ್ಕ್ಸ್ ಇರಲಿ.

ಈಗ ಇದಕ್ಕೆ ನಮ್ಮ ಡಿಗ್ರಿ ಬದಲಾವಣೆಗಳನ್ನು ಸೇರಿಸಿ ನೋಡಿ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂತು, ಮೂರು ವಿಷಯದ ಬದಲು ಎರಡೇ ಮೇಜರ್ ಆಯಿತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಹಳೇ ಮಾದರಿಗೆ ಬಂತು. ನಡುವಿನ ಬ್ಯಾಚ್‌ಗಳಲ್ಲಿ ಫಿಸಿಕ್ಸ್-ಮ್ಯಾಥ್ಸ್ ಅಂತ ಎರಡೇ ವಿಷಯ ಓದಿದವರು ಮೇಲಿನ ಟಿಜಿಟಿ ನಿಯಮವನ್ನು ಇನ್ನೊಂದು ಸಲ ಓದಿ. ಗಣಿತದ ಜೊತೆ ಇನ್ನೂ ಎರಡು ಕೇಳುತ್ತಿದ್ದಾರೆ, ನಿಮ್ಮ ಹತ್ತಿರ ಇರುವುದು ಒಂದು. ಮಕ್ಕಳ ತಪ್ಪು ಏನೂ ಇಲ್ಲ ಇದರಲ್ಲಿ, ಆದರೆ ಅನುಭವಿಸುವವರು ಅವರೇ. ಈ ಬ್ಯಾಚಿನವರು ಬಿ.ಎಡ್.ಗೆ ದುಡ್ಡು ಕಟ್ಟುವ ಮೊದಲು ತಮಗೆ ಬೇಕಾದ ಹುದ್ದೆಯ ಇತ್ತೀಚಿನ ಅಧಿಸೂಚನೆ ತೆಗೆದು ಅರ್ಹತೆಯ ಕಾಲಂ ಓದಿಕೊಳ್ಳಬೇಕು. ಕಾಲೇಜಿನ ಆಫೀಸಿನಲ್ಲಿ ಕೇಳಿದರೆ ಸಾಲದು, ಅವರಿಗೆ ಸೀಟು ತುಂಬಬೇಕು ಅಷ್ಟೇ.

ಎಂಜಿನಿಯರಿಂಗ್ ಮುಗಿಸಿ ಮೇಷ್ಟ್ರಾಗಲು ಬರುವವರಿಗೂ ಇದೇ ಮಾತು. ವಿಜ್ಞಾನ, ಗಣಿತ ಇರುವ ಬಿ.ಇ.ಗೆ 55% ಇದ್ದರೆ ಬಿ.ಎಡ್. ಸೇರಬಹುದು ಅಂತ ಎನ್‌ಸಿಟಿಇ 2014ರಲ್ಲೇ ಹೇಳಿದೆ, ಉಳಿದ ಪದವೀಧರರಿಗೆ 50%. ಆದರೆ ಸೀಟು ಸಿಗುವುದು ಬೇರೆ, ಹುದ್ದೆಗೆ ಅರ್ಹತೆ ಬೇರೆ.

ಇಂಟಿಗ್ರೇಟೆಡ್ಡಾ, ಎರಡು ವರ್ಷದ್ದಾ

ಈಗ ಮೊದಲಿನ ಪ್ರಶ್ನೆಗೆ ಬರೋಣ. ವರ್ಷದ ಲೆಕ್ಕ ಸುಲಭ: ಪಿಯುಸಿ ನಂತರ ಒಂದು ದಾರಿಯಲ್ಲಿ ನಾಲ್ಕು ವರ್ಷ, ಇನ್ನೊಂದರಲ್ಲಿ ಐದು. ಆದರೆ ನನ್ನ ಪ್ರಕಾರ ಒಂದು ವರ್ಷದ ಉಳಿತಾಯಕ್ಕೆ ಅಷ್ಟೇನೂ ಬೆಲೆ ಇಲ್ಲ. ನಿಜವಾದ ವ್ಯತ್ಯಾಸ ಇರುವುದು ವಿಷಯ ಮತ್ತು ಅದನ್ನು ಕಲಿಸುವ ಬಗೆ ಒಟ್ಟಿಗೆ ಬೆಳೆಯುತ್ತವಾ ಇಲ್ಲವಾ ಅನ್ನುವುದರಲ್ಲಿ.

ಎರಡು ವರ್ಷದ ಬಿ.ಎಡ್.ನ ಸಿಲಬಸ್ ತೆಗೆದು ನೋಡಿ. ಬಾಲ್ಯ ಮತ್ತು ಬೆಳವಣಿಗೆ, ಸಮಕಾಲೀನ ಭಾರತ ಮತ್ತು ಶಿಕ್ಷಣ, ಕಲಿಕೆ ಮತ್ತು ಬೋಧನೆ, ಲಿಂಗ-ಶಾಲೆ-ಸಮಾಜ, ಜ್ಞಾನ ಮತ್ತು ಪಠ್ಯಕ್ರಮ, ಮೌಲ್ಯಮಾಪನ, ಸಮನ್ವಯ ಶಾಲೆ, ನಾಟಕ ಮತ್ತು ಕಲೆ, ಐಸಿಟಿ. ಎಲ್ಲವೂ ಬೇಕಾದವೇ. ಆದರೆ ನಿಮ್ಮ ವಿಷಯವನ್ನು ಕಲಿಸುವುದು ಹೇಗೆ ಅನ್ನುವ ಪೇಪರ್‌ಗಳು ಈ ಪಟ್ಟಿಯಲ್ಲಿ ಒಂದು ಮೂಲೆ ಅಷ್ಟೇ. ವಿಷಯ ನಿಮಗೆ ಬರುತ್ತದೆ ಅಂತ ಬಿ.ಎಡ್. ನಂಬಿಕೊಂಡಿರುತ್ತದೆ. ಡಿಗ್ರಿಯಲ್ಲಿ ಗೈಡ್ ಓದಿ ಪಾಸಾದವರ ವಿಷಯಜ್ಞಾನವನ್ನು ಬಿ.ಎಡ್. ತಿದ್ದುವುದಿಲ್ಲ.

ಮೆಥಡ್ ಯಾಕೆ ಅಷ್ಟು ಮುಖ್ಯ ಅಂದರೆ, 0.35 ದೊಡ್ಡದಾ 0.7 ದೊಡ್ಡದಾ ಅಂತ ಆರನೇ ಕ್ಲಾಸಿನಲ್ಲಿ ಕೇಳಿ ನೋಡಿ. ಎಷ್ಟೋ ಮಕ್ಕಳು 0.35 ಅನ್ನುತ್ತಾರೆ, ಯಾಕೆಂದರೆ 35 ಅನ್ನುವುದು 7ಕ್ಕಿಂತ ದೊಡ್ಡದು. ಗಣಿತ ಬರುವವರೆಲ್ಲ ಅದು ತಪ್ಪು ಅನ್ನಬಲ್ಲರು. ಮಗು ಪೂರ್ಣಸಂಖ್ಯೆಯ ನಿಯಮವನ್ನು ಇಲ್ಲಿಗೆ ತಂದಿದೆ ಅಂತ ಗುರುತಿಸಿ, ಅಲ್ಲಿಂದ ಮುಂದೆ ಯಾವ ಪ್ರಶ್ನೆ ಕೇಳಬೇಕು ಅಂತ ಗೊತ್ತಿರುವವರು ಗಣಿತದ ಮೇಷ್ಟ್ರು. ಫಿಸಿಕ್ಸ್‌ನಲ್ಲೂ ಹಾಗೇ. ಒಂದೇ ತಂತಿಯಲ್ಲಿ ಎರಡು ಬಲ್ಬ್ ಇದ್ದರೆ ಮೊದಲನೆಯದು ಕರೆಂಟನ್ನು ಸ್ವಲ್ಪ ತಿಂದುಬಿಡುತ್ತದೆ ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ಗಿಡ ಮಣ್ಣು ತಿಂದು ಬೆಳೆಯುತ್ತದೆ ಅನ್ನುವುದು ಇನ್ನೊಂದು. 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಅನ್ನುವವರು ಕುಂಡದಲ್ಲಿ ವಿಲೋ ಗಿಡ ನೆಟ್ಟು ಐದು ವರ್ಷ ಬಿಟ್ಟು ತೂಗಿದರು. ಗಿಡ 70 ಕಿಲೋಗಿಂತ ಜಾಸ್ತಿ ಬೆಳೆದಿತ್ತು, ಮಣ್ಣು ಕಳೆದುಕೊಂಡದ್ದು ಸುಮಾರು 57 ಗ್ರಾಂ ಅಷ್ಟೇ. ಹಾಗಾದರೆ ನೀರೇ ಮರವಾಯಿತು ಅಂದುಕೊಂಡರು ಅವರು, ಗಾಳಿಯ ಲೆಕ್ಕ ಹೊಳೆಯಲಿಲ್ಲ. ಈ ಕಥೆಯನ್ನು ಯಾವ ಕ್ಲಾಸಿನಲ್ಲಿ, ಯಾವ ಹಂತದಲ್ಲಿ ಹೇಳಬೇಕು ಅನ್ನುವುದೇ ಜೀವವಿಜ್ಞಾನದ ಮೆಥಡ್.

ಭಾಷೆಯವರು ತಮಗೆ ಇದು ಬೇಡ ಅಂದುಕೊಳ್ಳಬೇಡಿ. ಮಂಡ್ಯದ ಹುಡುಗ ಹಾಲನ್ನು "ಆಲು" ಅಂತ ಬರೆದರೆ ಅದು ಕಾಗುಣಿತದ ದಡ್ಡತನ ಅಲ್ಲ, ಮನೆಯ ಮಾತು. ಮನೆಯಲ್ಲಿ ಲಂಬಾಣಿ, ತುಳು, ಉರ್ದು ಆಡುವ ಮಗು ಕನ್ನಡ ತಪ್ಪುವ ಬಗೆಯೇ ಬೇರೆ. ಎರಡನ್ನೂ ಒಂದೇ ಕೆಂಪು ಇಂಕಿನಲ್ಲಿ ತಿದ್ದುವವರು ಕನ್ನಡ ಎಂ.ಎ. ಆಗಿರಬಹುದು, ಕನ್ನಡ ಮೇಷ್ಟ್ರು ಇನ್ನೂ ಆಗಿಲ್ಲ. ಇತಿಹಾಸದಲ್ಲಿ ಬಸವಣ್ಣ ಮತ್ತು ಕೃಷ್ಣದೇವರಾಯ ಇಬ್ಬರೂ "ಹಿಂದಿನ ಕಾಲದವರು" ಅಂತ ಒಂದೇ ಡಬ್ಬಿಗೆ ಬೀಳುತ್ತಾರೆ, ನಡುವಿನ ಸುಮಾರು ಮುನ್ನೂರೈವತ್ತು ವರ್ಷ ಮಾಯ.

ಇಂಟಿಗ್ರೇಟೆಡ್ ಕೋರ್ಸಿನ ವಾದ ಇಷ್ಟೇ: ಈ ಎರಡು ಬಗೆಯ ಯೋಚನೆ ಮೊದಲ ವರ್ಷದಿಂದಲೇ ಜೊತೆಯಲ್ಲಿ ನಡೆಯಲಿ. ಥರ್ಮೊಡೈನಾಮಿಕ್ಸ್ ಕಲಿಯುವಾಗಲೇ ಶಾಖ ಮತ್ತು ತಾಪಮಾನದ ವ್ಯತ್ಯಾಸವನ್ನು ಎಂಟನೇ ಕ್ಲಾಸಿಗೆ ಹೇಗೆ ಹೇಳಲಿ ಅಂತ ತಲೆಯಲ್ಲಿ ಓಡಲಿ.

ನಮ್ಮ ಭಾಗದಲ್ಲಿ ಇದಕ್ಕೆ ಹಳೇ ಉದಾಹರಣೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಆರ್‌ಐಇ (ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಶನ್). 1963ರಲ್ಲಿ ಎನ್‌ಸಿಇಆರ್‌ಟಿ ಅಜ್ಮೇರ್, ಭೋಪಾಲ್, ಭುವನೇಶ್ವರ, ಮೈಸೂರಿನಲ್ಲಿ ಶುರುಮಾಡಿದ ನಾಲ್ಕು ರೀಜನಲ್ ಕಾಲೇಜುಗಳಲ್ಲಿ ಇದೂ ಒಂದು, ಪದವಿ ಕೊಡುವುದು ಮೈಸೂರು ವಿಶ್ವವಿದ್ಯಾಲಯ. ಕ್ಯಾಂಪಸ್ಸಿನ ಒಳಗೇ ಒಂದು ಡೆಮಾನ್‌ಸ್ಟ್ರೇಷನ್ ಶಾಲೆ ಇದೆ, ಇದು ಸಣ್ಣ ಅನುಕೂಲ ಅಲ್ಲ: ಬೆಳಿಗ್ಗೆ ಓದಿದ್ದನ್ನು ಗೇಟು ದಾಟದೆ ಮಕ್ಕಳ ಮುಂದೆ ಪರೀಕ್ಷಿಸಬಹುದು. ಇಲ್ಲಿಯ ಪದವಿಯನ್ನು ಕೇಂದ್ರೀಯ ವಿದ್ಯಾಲಯದ ನೇಮಕಾತಿ ನಿಯಮ ಹೆಸರು ಹಿಡಿದೇ ಒಪ್ಪುತ್ತದೆ. ಪಿಯುಸಿ ನಂತರ ನೇರವಾಗಿ ಆರು ವರ್ಷದ ಎಂ.ಎಸ್ಸಿ.ಎಡ್. ಕೂಡ ಇಲ್ಲಿ ಇದೆ, ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದಲ್ಲಿ.

ಕಷ್ಟ ಏನು ಅಂದರೆ, ಸೀಟು ಕಡಿಮೆ. ದಕ್ಷಿಣದ ಎಲ್ಲ ರಾಜ್ಯಗಳ ಮಕ್ಕಳೂ ಅದೇ ಸೀಟಿಗೆ ಬರುತ್ತಾರೆ. ಪಾಠ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದವರು ಮೊದಲ ವರ್ಷ ಒದ್ದಾಡುತ್ತಾರೆ, ಆಮೇಲೆ ಸರಿಹೋಗುತ್ತಾರೆ. ಇನ್ನೊಂದು, ಎರಡನೇ ವರ್ಷದಲ್ಲಿ ಮೇಷ್ಟ್ರ ಕೆಲಸ ನನಗೆ ಬೇಡ ಅನ್ನಿಸಿದರೆ ಹೊರಬರುವುದು ಸುಲಭ ಅಲ್ಲ. ಹದಿನೇಳು-ಹದಿನೆಂಟನೇ ವಯಸ್ಸಿಗೆ ಎಲ್ಲರಿಗೂ ಮನಸ್ಸು ಗಟ್ಟಿ ಆಗಿರಬೇಕು ಅಂತ ಎಲ್ಲಿದೆ, ಅಲ್ವಾ?

ಐಟಿಇಪಿ (ಇಂಟಿಗ್ರೇಟೆಡ್ ಟೀಚರ್ ಎಜುಕೇಶನ್ ಪ್ರೋಗ್ರಾಂ) ಅನ್ನುವ ಹೆಸರು ಈಗ ಎಲ್ಲ ಕಡೆ ಕೇಳುತ್ತಿದೆ. ಅದೂ ನಾಲ್ಕು ವರ್ಷದ ಇಂಟಿಗ್ರೇಟೆಡ್ ಕೋರ್ಸೇ. 2021ರಲ್ಲಿ ನಿಯಮ ಬಂತು, 2023-24ರಲ್ಲಿ ದೇಶದ 57 ಸಂಸ್ಥೆಗಳಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. ಪ್ರವೇಶಕ್ಕೆ ಕೇಂದ್ರದ ಪರೀಕ್ಷಾ ಸಂಸ್ಥೆ ಎನ್‌ಟಿಎ ನಡೆಸುವ ಎನ್‌ಸಿಇಟಿ ಪರೀಕ್ಷೆ: ಎರಡು ಭಾಷೆ, ಮೂರು ವಿಷಯ, ಸಾಮಾನ್ಯ ಪರೀಕ್ಷೆ, ಬೋಧನಾ ಅಭಿರುಚಿ. ಆರ್‌ಐಇಯ ಬಿ.ಎಡ್., ಎಂ.ಎಡ್. ತರಹದ ಕೋರ್ಸುಗಳಿಗೆ ಎನ್‌ಸಿಇಆರ್‌ಟಿಯದೇ ಬೇರೆ ಪ್ರವೇಶ ಪರೀಕ್ಷೆ. ಐಟಿಇಪಿಯಲ್ಲಿ ಹಂತ ಆರಿಸಿಕೊಳ್ಳಬೇಕು ಅನ್ನುವುದನ್ನು ಮರೆಯಬೇಡಿ. ಬುನಾದಿ, ಪೂರ್ವಸಿದ್ಧತೆ, ಮಧ್ಯಮ, ಪ್ರೌಢ ಅಂತ ನಾಲ್ಕಿವೆ. ಹೈಸ್ಕೂಲಿನಲ್ಲಿ ಗಣಿತ ಹೇಳುವ ಆಸೆ ಇಟ್ಟುಕೊಂಡು ಬುನಾದಿ ಹಂತಕ್ಕೆ ಸೇರಿಬಿಟ್ಟರೆ ಕಥೆ ಮುಗಿಯಿತು.

"2030ರ ನಂತರ ಎರಡು ವರ್ಷದ ಬಿ.ಎಡ್. ನಡೆಯಲ್ಲ" ಅಂತ ಹೆದರಿಸುವವರೂ ಇದ್ದಾರೆ. 2020ರ ರಾಷ್ಟ್ರೀಯ ನೀತಿಯನ್ನು ಪೂರ್ತಿ ಓದಿದರೆ, 2030ರ ಹೊತ್ತಿಗೆ ನಾಲ್ಕು ವರ್ಷದ ಪದವಿಯೇ ಕನಿಷ್ಠ ಅರ್ಹತೆ ಅಂತ ಇರುವುದು ನಿಜ. ಅದೇ ನೀತಿಯಲ್ಲಿ ಈಗಾಗಲೇ ಡಿಗ್ರಿ ಆದವರಿಗೆ ಎರಡು ವರ್ಷದ್ದು, ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಆದವರಿಗೆ ಒಂದು ವರ್ಷದ್ದು ಇರಬಹುದು ಅಂತಲೂ ಇದೆ. ಹೆದರಿ ಓಡುವ ಅಗತ್ಯ ಇಲ್ಲ.

ಎರಡು ವರ್ಷದ್ದೇ ಅಂತಾದರೆ, ಯಾವ ಕಾಲೇಜು

ಕರ್ನಾಟಕದಲ್ಲಿ ಸರ್ಕಾರಿ ಕೋಟಾದ ಬಿ.ಎಡ್. ಸೀಟು ಡಿಗ್ರಿ ಮಾರ್ಕ್ಸ್ ಮೇಲೆ, ಕೇಂದ್ರೀಕೃತ ದಾಖಲಾತಿ ಘಟಕದ ಮೂಲಕ ಸಿಗುತ್ತದೆ. ಫೀಸು ಕಡಿಮೆ, ಮಾರ್ಕ್ಸ್ ಇದ್ದರೆ ಮೊದಲು ಇದನ್ನೇ ನೋಡಿ. ಮಂಗಳೂರು, ಮೈಸೂರಿನ ಸರ್ಕಾರಿ ಶಿಕ್ಷಕರ ಶಿಕ್ಷಣ ಕಾಲೇಜುಗಳು, ಬೆಂಗಳೂರಿನ ಆರ್.ವಿ., ವಿಜಯಾ ಟೀಚರ್ಸ್ ಕಾಲೇಜು ಇವೆಲ್ಲ ಹಳೇ ಹೆಸರುಗಳು. ಆದರೆ ಹೆಸರಿಗಿಂತ ಒಂದು ಪ್ರಶ್ನೆ ಕೇಳಿ: ನನ್ನ ವಿಷಯದ ಮೆಥಡ್ ಹೇಳುವವರು ಯಾರು?

100 ವಿದ್ಯಾರ್ಥಿಗಳಿಗೆ 16 ಜನ ಅಧ್ಯಾಪಕರು ಇರಬೇಕು, ಅವರಲ್ಲಿ 8 ಜನ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಭಾಷೆಗಳ ಬೋಧನೆಯವರು ಅಂತ ಎನ್‌ಸಿಟಿಇಯ 2014ರ ನಿಯಮ ಹೇಳುತ್ತದೆ. ಕಾಲೇಜಿಗೆ ಹೋಗಿ ಎಣಿಸಿ ಬನ್ನಿ. ವೆಬ್‌ಸೈಟಿನಲ್ಲಿ ಇರುವ ಫೋಟೋಗಳನ್ನಲ್ಲ, ಸ್ಟಾಫ್ ರೂಮಿನಲ್ಲಿ ಕೂತವರನ್ನು. ಇತಿಹಾಸದವರೇ ಗಣಿತದ ಮೆಥಡ್ ಸಹಿ ಹಾಕುವ ಕಾಲೇಜೂ ಉಂಟು.

ಎರಡನೇ ಪ್ರಶ್ನೆ ಇಂಟರ್ನ್‌ಶಿಪ್. ನಿಯಮದ ಪ್ರಕಾರ ಎರಡು ವರ್ಷದಲ್ಲಿ ಒಟ್ಟು 20 ವಾರ ಶಾಲೆಯಲ್ಲಿರಬೇಕು, ಮೊದಲ ವರ್ಷ 4, ಎರಡನೇ ವರ್ಷ 16. ಯಾವ ಶಾಲೆಗೆ ಕಳಿಸುತ್ತಾರೆ, ಅಲ್ಲಿ ನಿಮ್ಮ ವಿಷಯದ ಮೇಷ್ಟ್ರು ಕ್ಲಾಸಿನಲ್ಲಿ ಕೂತು ನೋಡುತ್ತಾರಾ, ಇಲ್ಲ ಲೆಸನ್ ಪ್ಲಾನ್ ಪುಸ್ತಕಕ್ಕೆ ಸಂಜೆ ಒಟ್ಟಿಗೆ ಸಹಿ ಬೀಳುತ್ತದಾ? ಇದನ್ನು ಹೋದ ವರ್ಷದ ವಿದ್ಯಾರ್ಥಿಗಳನ್ನು ಕೇಳಿ, ಪ್ರಿನ್ಸಿಪಾಲರನ್ನಲ್ಲ.

"ಕ್ಲಾಸಿಗೆ ಬರೋದೇ ಬೇಡ, ಪರೀಕ್ಷೆಗೆ ಬಂದರೆ ಸಾಕು" ಅನ್ನುವ ಕಾಲೇಜುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಾಜರಾತಿ 80%, ಇಂಟರ್ನ್‌ಶಿಪ್‌ನಲ್ಲಿ 90% ಕಡ್ಡಾಯ. ದಾಖಲೆ ಪರಿಶೀಲನೆಯಲ್ಲಿ ಅದೇ ಎರಡು ವರ್ಷ ಬೇರೆ ಕಡೆ ಪೂರ್ತಿ ಕೆಲಸ ಮಾಡಿದ ಅನುಭವ ಪತ್ರ ಕೊಟ್ಟರೆ ಯಾರಿಗಾದರೂ ಅನುಮಾನ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಮೊದಲ ದಿನ ಕ್ಲಾಸಿನಲ್ಲಿ ನಲವತ್ತು ಮಕ್ಕಳ ಮುಂದೆ ನಿಂತಾಗ ಆ ಸರ್ಟಿಫಿಕೇಟ್ ಯಾವ ಕೆಲಸಕ್ಕೂ ಬರುವುದಿಲ್ಲ.

ಗೊಂದಲ ಮಾಡುವ ಇತರ ಹೆಸರುಗಳು

ದೂರಶಿಕ್ಷಣದ ಬಿ.ಎಡ್., ಇಗ್ನೋ ಇರಲಿ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇರಲಿ, ಎಲ್ಲರಿಗೂ ಅಲ್ಲ. ಡಿ.ಎಡ್.ನಂಥ ತರಬೇತಿ ಮೊದಲೇ ಆಗಿರುವವರಿಗೆ ಮಾತ್ರ. ಪ್ರೈಮರಿಯಲ್ಲಿ ಕೆಲಸದಲ್ಲಿದ್ದು ಬಡ್ತಿ ನೋಡುವವರಿಗೆ ಇದು ಒಳ್ಳೇ ದಾರಿ. ಎಂ.ಎ. ಎಜುಕೇಶನ್ ಓದುವುದಕ್ಕೆ ಸೊಗಸಾದ ಕೋರ್ಸು, ಆದರೆ ಅದು ಬಿ.ಎಡ್.ಗೆ ಬದಲಿ ಅಲ್ಲ. ಎಂ.ಎಡ್. ಇರುವುದು ಮೇಷ್ಟ್ರುಗಳಿಗೆ ಪಾಠ ಹೇಳುವವರಿಗೆ. ಸಂಸ್ಕೃತದವರಿಗೆ ಶೃಂಗೇರಿಯ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಶಿಕ್ಷಾಶಾಸ್ತ್ರಿ ಇದೆ, ಅದು ಬಿ.ಎಡ್.ಗೆ ಸಮ. ಕಿವಿ ಕೇಳದ ಮಕ್ಕಳಿಗೆ ಕಲಿಸುವ ಮನಸ್ಸಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ವಿಶೇಷ ಶಿಕ್ಷಣದ ಬಿ.ಎಡ್. ನೋಡಿ, ಅದಕ್ಕೆ ಮಾನ್ಯತೆ ಕೊಡುವುದು ಭಾರತೀಯ ಪುನರ್ವಸತಿ ಮಂಡಳಿ.

ಕಾಸರಗೋಡಿನ ಕನ್ನಡಿಗರಿಗೆ ಒಂದು ಮಾತು. ಅಲ್ಲಿ ಕನ್ನಡ ಮಾಧ್ಯಮದ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಹೈಸ್ಕೂಲ್ ಹುದ್ದೆಗಳಿಗೆ ಕೇರಳ ಪಿಎಸ್‌ಸಿ ಬೇರೆಯಾಗಿಯೇ ಅರ್ಜಿ ಕರೆಯುತ್ತದೆ. ಕೇರಳದ ಬಿ.ಎಡ್.ನಲ್ಲಿ ಒಂದೇ ಆಪ್ಶನಲ್ ವಿಷಯ, ನಮ್ಮಲ್ಲಿ ಎರಡು ಮೆಥಡ್. ಊರಲ್ಲೇ ಕೆಲಸ ಬೇಕೆಂದರೆ ಕಣ್ಣೂರು ವಿಶ್ವವಿದ್ಯಾಲಯದ ಕಾಸರಗೋಡು ಕೇಂದ್ರವನ್ನು ಮೊದಲು ವಿಚಾರಿಸಿ. ಮಂಗಳೂರಿನಲ್ಲಿ ಓದುವುದಾದರೆ ಆ ಪದವಿಗೆ ಕೇರಳದ ಮಾನ್ಯತೆಯ ಕಾಗದ ಹೇಗೆ ಸಿಗುತ್ತದೆ ಅಂತ ಸೇರುವ ಮೊದಲೇ ತಿಳಿದುಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು

ಪಿಯುಸಿ ಸೈನ್ಸ್, ಮಾರ್ಕ್ಸ್ ಚೆನ್ನಾಗಿದೆ, ಮೇಷ್ಟ್ರೇ ಆಗಬೇಕು ಅನ್ನುವುದರಲ್ಲಿ ಅನುಮಾನ ಇಲ್ಲ ಅನ್ನುವವರು ಆರ್‌ಐಇಗೆ ಪ್ರಯತ್ನ ಪಡಿ, ಸಿಕ್ಕರೆ ಬಿಡಬೇಡಿ. ಸಿಗಲಿಲ್ಲ ಅಂತ ಯಾವುದೋ ಹೊಸ ಜಾಗದ ಇಂಟಿಗ್ರೇಟೆಡ್ ಕೋರ್ಸಿಗೆ ದುಡ್ಡು ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಅದಕ್ಕಿಂತ ನಿಮ್ಮೂರಿನ ಒಳ್ಳೇ ಡಿಗ್ರಿ ಕಾಲೇಜಿನಲ್ಲಿ ಸರಿಯಾದ ಕಾಂಬಿನೇಷನ್ ತೆಗೆದುಕೊಂಡು ವಿಷಯ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಸರ್ಕಾರಿ ಕೋಟಾದಲ್ಲಿ ಬಿ.ಎಡ್. ಮಾಡಿ. ಮನಸ್ಸು ಇನ್ನೂ ತೂಗಾಡುತ್ತಿರುವವರಿಗೂ ಇದೇ ದಾರಿ.

ಪಿಯು ಕಾಲೇಜಿನ ಮೇಲೆ ಕಣ್ಣಿರುವವರು ಡಿಗ್ರಿ, ಎಂ.ಎಸ್ಸಿ. ಅಥವಾ ಎಂ.ಎ., ಆಮೇಲೆ ಬಿ.ಎಡ್. ಅನ್ನುವ ಕ್ರಮ ಇಟ್ಟುಕೊಳ್ಳಿ. ಮನೆಯಲ್ಲಿ ಬೇಗ ಸಂಪಾದನೆ ಬೇಕಾಗಿದ್ದರೆ ಮಾತ್ರ ಡಿಗ್ರಿ ಆದ ತಕ್ಷಣ ಬಿ.ಎಡ್. ಮಾಡಿ, ಖಾಸಗಿ ಹೈಸ್ಕೂಲಿನಲ್ಲಿ ಸೇರಿಕೊಂಡು, ಸ್ನಾತಕೋತ್ತರವನ್ನು ಮುಕ್ತ ವಿಶ್ವವಿದ್ಯಾಲಯದಿಂದ ಮುಂದುವರಿಸಿ. ನಿಧಾನ ಆಗುತ್ತದೆ, ಆದರೆ ಆಗುತ್ತದೆ.

ಯಾವ ದಾರಿ ಹಿಡಿದರೂ ಟಿಇಟಿಯನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಎರಡನೇ ಪತ್ರಿಕೆ 150 ಅಂಕದ್ದು, ಅದರಲ್ಲಿ 60 ಗಣಿತ-ವಿಜ್ಞಾನ ಅಥವಾ ಸಮಾಜ ವಿಜ್ಞಾನಕ್ಕೆ, ಉಳಿದದ್ದು ಎರಡು ಭಾಷೆ ಮತ್ತು ಮಕ್ಕಳ ಮನೋವಿಜ್ಞಾನಕ್ಕೆ ತಲಾ 30. ಕೇಂದ್ರದ ಸಿಟಿಇಟಿಯನ್ನು ಬಿ.ಎಡ್. ಓದುತ್ತಿರುವಾಗಲೇ ಬರೆಯಬಹುದು, ಭಾಷೆಗಳಲ್ಲಿ ಕನ್ನಡ ಆರಿಸಿಕೊಳ್ಳಬಹುದು, ಉಳಿದ ಭಾಗ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತದೆ. ಮೊದಲು ಈ ಸರ್ಟಿಫಿಕೇಟಿಗೆ 7 ವರ್ಷದ ಅವಧಿ ಇತ್ತು, 2021ರಲ್ಲಿ ಅದನ್ನು ಜೀವನಪರ್ಯಂತ ಮಾಡಿದ್ದಾರೆ.